ಅಲ್ಗಾಲ್: ಬರಿಗಣ್ಣಿಗೇ ಗೊತ್ತಾಗುವ ನಕ್ಷತ್ರ ಗ್ರಹಣ

ಜೋಡಿ ನಕ್ಷತ್ರಗಳು ಇತ್ತೀಚೆಗೆ ಪದೇ ಪದೇ ಸುದ್ದಿಯಲ್ಲಿವೆ. ಟಿ ಕರೋನೆ ಬೊರಿಯಾಲಿಸ್ ಎಂಬ ಜೋಡಿ 1866ರಲ್ಲಿ ಒಮ್ಮೆ, 1946ರಲ್ಲಿ ಇನ್ನೊಮ್ಮೆ ಸಿಡಿದು ಕೆಲವು ದಿನ ಬರಿಗಣ್ಣಿಗೆ ಕಂಡಿತ್ತು. ಅದು ಮತ್ತೆ ಸಿಡಿಯುವ ಹೊತ್ತು ಹತ್ತಿರ ಬಂದಿದೆ ಎಂದು 2024ರಿಂದ ಆಕಾಶ ನೋಡುವವರೆಲ್ಲ ಕಾಯತೊಡಗಿದರು. 2025ರಲ್ಲಿ ಆರ್ದ್ರಾ ನಕ್ಷತ್ರಕ್ಕೂ ಒಂದು ಪುಟ್ಟ ಜೊತೆಗಾರ ಇದೆ ಎಂಬ ವರದಿ ಬಂತು. ಇದನ್ನೆಲ್ಲ ಓದಿದವರಿಗೆ ಸಹಜವಾಗಿ ಬರುವ ಪ್ರಶ್ನೆ ಇದು: ಎರಡು ನಕ್ಷತ್ರ ಒಂದನ್ನೊಂದು ಸುತ್ತುವುದು ಅಂದರೆ ಏನು? ಅದು ನಮ್ಮ ಕಣ್ಣಿಗೆ ಬೀಳುತ್ತದಾ?

ಬೀಳುತ್ತದೆ. ದೂರದರ್ಶಕ ಬೇಡ, ಬೈನಾಕ್ಯುಲರೂ ಬೇಡ. ಪರ್ಸಿಯಸ್ ನಕ್ಷತ್ರಪುಂಜದಲ್ಲಿ ಅಲ್ಗಾಲ್ ಎಂಬ ನಕ್ಷತ್ರವಿದೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು ಮಂಕಾಗುತ್ತದೆ, ಮತ್ತೆ ಮೊದಲಿನಂತಾಗುತ್ತದೆ. ಕಾಣುವುದು ಒಂದೇ ಚುಕ್ಕಿ. ಎರಡು ಚುಕ್ಕಿ ಹುಡುಕಲು ಹೋದರೆ ನಿರಾಸೆಯೇ ಗತಿ. ಆದರೆ ಆ ಒಂದು ಚುಕ್ಕಿಯ ಬೆಳಕು ಯಾವಾಗ ಇಳಿಯಿತು, ಯಾವಾಗ ಏರಿತು ಎಂದು ಬರೆದಿಟ್ಟರೆ ಅಲ್ಲಿ ಎರಡು ನಕ್ಷತ್ರಗಳಿವೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಅದಕ್ಕೆ ಕಣ್ಣು ಮತ್ತು ಗಡಿಯಾರ ಸಾಕು. ಈ ನಕ್ಷತ್ರದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಹೀಗೆ ಸಮಯ ನೋಡಿ ತಿಳಿದದ್ದೇ.

ಯಾವುದು ನಿಜವಾದ ಜೋಡಿ?

ಆಕಾಶದಲ್ಲಿ ಪಕ್ಕಪಕ್ಕ ಕಾಣುವ ಎರಡು ಚುಕ್ಕಿಗಳೆಲ್ಲ ಜೋಡಿಯಲ್ಲ. ಒಂದು ನಮಗೆ ಹತ್ತಿರ ಇರಬಹುದು, ಇನ್ನೊಂದು ಅದರ ಹಿಂದೆ ನೂರಾರು ಜ್ಯೋತಿರ್ವರ್ಷ ದೂರ ಇರಬಹುದು. ನಾವು ನೋಡುವ ದಿಕ್ಕು ಒಂದೇ ಆಗಿರುವುದರಿಂದ ಅಂಟಿಕೊಂಡಂತೆ ಕಾಣುತ್ತವೆ, ಅಷ್ಟೇ. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ, ಅಂದರೆ ಸುಮಾರು 9.5 ಲಕ್ಷ ಕೋಟಿ ಕಿ.ಮೀ. ಇಂಥ ಎರಡು ನಕ್ಷತ್ರಗಳಿಗೆ ಪರಸ್ಪರ ಯಾವ ಸಂಬಂಧವೂ ಇಲ್ಲ.

ನಿಜವಾದ ಜೋಡಿಯಲ್ಲಿ ಎರಡನ್ನೂ ಗುರುತ್ವ ಕಟ್ಟಿಹಾಕಿರುತ್ತದೆ. ಇದನ್ನು ಮೊದಲು ಗಟ್ಟಿಯಾಗಿ ತೋರಿಸಿದವರು ವಿಲಿಯಂ ಹರ್ಷೆಲ್. ಮಿಥುನದ ಕ್ಯಾಸ್ಟರ್ ನಕ್ಷತ್ರವನ್ನು ದೂರದರ್ಶಕದಲ್ಲಿ ನೋಡಿದರೆ ಎರಡಾಗಿ ಕಾಣುತ್ತದೆ. ಸುಮಾರು ಕಾಲು ಶತಮಾನದ ಅಂತರದಲ್ಲಿ ಮಾಡಿದ ಅಳತೆಗಳನ್ನು ಹೋಲಿಸಿ, ಆ ಎರಡು ಚುಕ್ಕಿಗಳು ಒಂದನ್ನೊಂದು ಸುತ್ತುತ್ತಿವೆ ಎಂದು 1803ರಲ್ಲಿ ಅವರು ಪ್ರಕಟಿಸಿದರು. ನ್ಯೂಟನ್ ಹೇಳಿದ ಗುರುತ್ವ ಸೌರಮಂಡಲದ ಆಚೆಗೂ ನಡೆಯುತ್ತದೆ ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿಯಾಯಿತು.

ಸುತ್ತುವುದು ಅಂದಾಗ ದೊಡ್ಡದು ಸುಮ್ನೆ ನಿಂತಿರುತ್ತದೆ, ಚಿಕ್ಕದು ಮಾತ್ರ ಸುತ್ತುತ್ತದೆ ಎಂದುಕೊಳ್ಳುತ್ತೇವೆ ಅಲ್ವಾ? ಹಾಗಲ್ಲ. ದೊಡ್ಡವರೊಬ್ಬರು ಮಗುವಿನ ಎರಡೂ ಕೈ ಹಿಡಿದು ಗಿರಗಿರ ತಿರುಗುವುದನ್ನು ನೆನೆಸಿಕೊಳ್ಳಿ. ಮಗು ದೊಡ್ಡ ಸುತ್ತು ಹೊಡೆಯುತ್ತದೆ. ದೊಡ್ಡವರೂ ನಿಂತಲ್ಲೇ ನಿಲ್ಲಲಾಗದೆ ಚಿಕ್ಕದೊಂದು ಸುತ್ತು ಹಾಕುತ್ತಾರೆ. ಇಬ್ಬರೂ ಸುತ್ತುವುದು ನಡುವಿನ ಒಂದು ಬಿಂದುವನ್ನು. ಆ ಬಿಂದು ಭಾರ ಜಾಸ್ತಿ ಇರುವವರ ಕಡೆಗೆ ವಾಲಿರುತ್ತದೆ. ಮಗು ಕತ್ತಲಲ್ಲಿದ್ದು ಕಾಣದೇ ಹೋದರೂ, ದೊಡ್ಡವರ ಓಲಾಟ ನೋಡಿ ಕೈಯಲ್ಲಿ ಯಾರೋ ಇದ್ದಾರೆ ಎಂದು ಹೇಳಬಹುದು. ಈ ಕೊನೆಯ ಮಾತು ಮುಂದೆ ಬೇಕಾಗುತ್ತದೆ.

ಜೋಡಿಗಳು ಸಿಕ್ಕಿಬೀಳುವುದು ಹಲವು ರೀತಿಯಲ್ಲಿ. ಸಪ್ತರ್ಷಿ ಮಂಡಲದ ವಸಿಷ್ಠ ದೂರದರ್ಶಕದಲ್ಲಿ ನೇರವಾಗಿ ಎರಡಾಗಿ ಕಾಣುತ್ತದೆ. ಲುಬ್ಧಕ ಆಕಾಶದಲ್ಲಿ ಅಂಕುಡೊಂಕಾಗಿ ಸಾಗುವುದನ್ನು ನೋಡಿ, ಅದಕ್ಕೊಂದು ಕಾಣದ ಜೊತೆಗಾರ ಇರಲೇಬೇಕು ಎಂದು ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ 1844ರಲ್ಲೇ ಹೇಳಿದ್ದರು. ಆ ಜೊತೆಗಾರ ಕಣ್ಣಿಗೆ ಬಿದ್ದದ್ದು 1862ರಲ್ಲಿ. ಚಿತ್ತಾ ನಕ್ಷತ್ರದ ಎರಡು ಭಾಗಗಳು ಎಷ್ಟು ಹತ್ತಿರ ಇವೆಯೆಂದರೆ ನಾಲ್ಕೇ ದಿನಕ್ಕೆ ಒಂದು ಸುತ್ತು ಮುಗಿಸುತ್ತವೆ. ಅದು ಜೋಡಿ ಎಂದು ತಿಳಿದದ್ದು ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದ ಮೇಲೆ. ಅಲ್ಗಾಲ್‌ನದು ಇನ್ನೊಂದು ಬಗೆ. ಅಲ್ಲಿ ಒಂದು ನಕ್ಷತ್ರ ಇನ್ನೊಂದಕ್ಕೆ ಅಡ್ಡ ಬರುತ್ತದೆ.

ಬೆಳಕು ಇಳಿಯುವುದು ಎಷ್ಟು, ಯಾಕೆ?

ನಕ್ಷತ್ರ ನಮಗೆ ಎಷ್ಟು ಪ್ರಕಾಶವಾಗಿ ಕಾಣುತ್ತದೆ ಎಂಬುದನ್ನು ಕಾಂತಿಮಾನ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಇದು ಸ್ವಲ್ಪ ತಲೆಕೆಳಗಾದ ಲೆಕ್ಕ. ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ ಸುಮಾರು 6ರವರೆಗಿನ ನಕ್ಷತ್ರಗಳು ಕಾಣುತ್ತವೆ. ಒಂದು ಅಂಕಿ ಏರಿದರೆ ಬೆಳಕು ಸುಮಾರು ಎರಡೂವರೆ ಪಟ್ಟು ಇಳಿದಿದೆ ಎಂದರ್ಥ.

ಅಲ್ಗಾಲ್‌ನ ಮಾಮೂಲಿ ಕಾಂತಿಮಾನ 2.1. ಗ್ರಹಣದ ನಡುಮಧ್ಯದಲ್ಲಿ ಅದು 3.4 ಆಗುತ್ತದೆ. ಅಂದರೆ ಬೆಳಕು ಮೂರನೇ ಒಂದು ಭಾಗಕ್ಕಿಂತಲೂ ಕೆಳಗೆ ಬರುತ್ತದೆ. ಸುಮಾರು ಐದು ಗಂಟೆ ಇಳಿಕೆ, ಐದು ಗಂಟೆ ಏರಿಕೆ. ಉಳಿದ ಹೊತ್ತೆಲ್ಲ ಅದು ಸ್ಥಿರವಾಗಿ ಬೆಳಗುತ್ತಿರುವಂತೆ ಕಾಣುತ್ತದೆ.

ಇಲ್ಲಿರುವ ಎರಡು ನಕ್ಷತ್ರಗಳ ಸ್ವಭಾವ ಬೇರೆ ಬೇರೆ. ಒಂದು ಬಿಸಿ, ನೀಲಿಬಿಳಿ ಬಣ್ಣದ್ದು. ಮೇಲ್ಮೈ ಬಿಸಿ ಸುಮಾರು 13,000 ಕೆಲ್ವಿನ್, ಅಡ್ಡಳತೆ ಸೂರ್ಯನ 2.7 ಪಟ್ಟು. ಇನ್ನೊಂದು ತಂಪು, ಕಿತ್ತಳೆ ಬಣ್ಣದ್ದು. ಬಿಸಿ ಸುಮಾರು 4,500 ಕೆಲ್ವಿನ್, ಆದರೆ ಗಾತ್ರದಲ್ಲಿ ಅದೇ ದೊಡ್ಡದು, ಸೂರ್ಯನ ಸುಮಾರು 3.5 ಪಟ್ಟು. ಎರಡರ ನಡುವಿನ ದೂರ ಸುಮಾರು 93 ಲಕ್ಷ ಕಿ.ಮೀ. ನಮಗೆ ಇದು ದೊಡ್ಡ ದೂರ. ನಕ್ಷತ್ರಗಳಿಗೆ ಏನೂ ಅಲ್ಲ. ಬುಧ ಗ್ರಹ ಸೂರ್ಯನಿಂದ ಇರುವುದು ಇದರ ಆರು ಪಟ್ಟು ದೂರದಲ್ಲಿ. ಬೆಳಕಿಗೆ ಈ ನಕ್ಷತ್ರದಿಂದ ಆ ನಕ್ಷತ್ರಕ್ಕೆ ಹೋಗಲು ಅರ್ಧ ನಿಮಿಷ ಸಾಕು.

ಇವು ಸುತ್ತುವ ತಟ್ಟೆ ನಮಗೆ ಹೆಚ್ಚುಕಡಿಮೆ ಅಂಚಿನ ಕಡೆಯಿಂದ ಕಾಣುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ತಂಪು ನಕ್ಷತ್ರ ಬಿಸಿ ನಕ್ಷತ್ರದ ಮುಂದೆ ಹಾದುಹೋಗುತ್ತದೆ. ಪೂರ್ತಿ ಮುಚ್ಚುವುದಿಲ್ಲ, ದೊಡ್ಡ ಪಾಲನ್ನು ಮುಚ್ಚುತ್ತದೆ. ನಮಗೆ ಮಂಕಾಗಿ ಕಾಣುವುದು ಆಗಲೇ.

ಸರಿ, ಅರ್ಧ ಸುತ್ತು ಮುಗಿದ ಮೇಲೆ ಬಿಸಿ ನಕ್ಷತ್ರವೇ ಮುಂದೆ ಬಂದು ತಂಪಿನದನ್ನು ಮುಚ್ಚಬೇಕಲ್ಲ, ಆಗ ಯಾಕೆ ಮಂಕಾಗುವುದಿಲ್ಲ? ಆಗುತ್ತದೆ, ಆದರೆ ಕಣ್ಣಿಗೆ ತಿಳಿಯದಷ್ಟು ಕಮ್ಮಿ. ಒಂದು ಮೇಲ್ಮೈಯಿಂದ ಹೊಮ್ಮುವ ಶಕ್ತಿ ಅದರ ಬಿಸಿಯ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 13,000ವನ್ನು 4,500ರಿಂದ ಭಾಗಿಸಿದರೆ ಸುಮಾರು 2.9. ಅದನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಸುಮಾರು 70. ಅಂದರೆ ಬಿಸಿ ನಕ್ಷತ್ರದ ಒಂದು ಚದರ ಮೀಟರ್ ಸೂಸುವಷ್ಟು ಶಕ್ತಿಗೆ ತಂಪಿನದರಲ್ಲಿ 70 ಚದರ ಮೀಟರ್ ಬೇಕು. ಅಂಥ ಮಂಕು ಮೈಯಲ್ಲಿ ಒಂದಿಷ್ಟು ಮರೆಯಾದರೆ ನಷ್ಟ ತೀರಾ ಕಮ್ಮಿ. ಈ ಎರಡನೇ ಸಣ್ಣ ಇಳಿಕೆಯನ್ನು ಹಿಡಿಯಲು 1910ರವರೆಗೆ ಕಾಯಬೇಕಾಯಿತು. ಜೋಯೆಲ್ ಸ್ಟೆಬಿನ್ಸ್ ಸೆಲೆನಿಯಂ ಬಳಸಿದ ಬೆಳಕು ಅಳೆಯುವ ಸಾಧನದಿಂದ ಅದನ್ನು ಅಳೆದರು.

ಕಿವಿ ಕೇಳದ ಹುಡುಗನ ಊಹೆ

ಅಲ್ಗಾಲ್ ಒಂದೇ ಸಮ ಇರುವುದಿಲ್ಲ ಎಂದು 17ನೇ ಶತಮಾನದಲ್ಲಿ ಇಟಲಿಯ ಜೆಮಿನಿಯಾನೊ ಮೊಂಟನಾರಿ ಬರೆದಿಟ್ಟಿದ್ದರು. ಅದಕ್ಕೂ ಮೊದಲೇ ಜನ ಗಮನಿಸಿರಬಹುದು. ಮೂರು ಸಾವಿರ ವರ್ಷಕ್ಕೂ ಹಿಂದಿನ ಈಜಿಪ್ಟಿನ ಒಂದು ಪಂಚಾಂಗದಲ್ಲಿ ಈ ನಕ್ಷತ್ರದ ಲಯ ಅಡಗಿದೆ ಎಂದು ಹೆಲ್ಸಿಂಕಿಯ ಸಂಶೋಧಕರು ವಾದಿಸಿದ್ದಾರೆ. ಅದು ವಾದವೇ ಹೊರತು ಎಲ್ಲರೂ ಒಪ್ಪಿದ ಮಾತಲ್ಲ. ಹೆಸರಿನ ಮೂಲ ಅರಬ್ಬಿ, ಅರ್ಥ ಪಿಶಾಚಿಯ ತಲೆ. ಹಾಗಾಗಿ ಕಥೆಗಳಿಗೆ ಬರವಿಲ್ಲ. ಅವನ್ನು ಇಲ್ಲಿ ಬಿಟ್ಟುಬಿಡೋಣ.

ಲೆಕ್ಕ ಹಿಡಿದವನು ಜಾನ್ ಗುಡ್ರಿಕ್. ಇಂಗ್ಲೆಂಡಿನ ಯಾರ್ಕ್ ಊರಿನಲ್ಲಿದ್ದ ಹುಡುಗ. ಚಿಕ್ಕಂದಿನಲ್ಲೇ ಕಿವಿ ಕೇಳಿಸದಂತಾಗಿತ್ತು. ಅಕ್ಕಪಕ್ಕದ ಗೆಳೆಯ ಎಡ್ವರ್ಡ್ ಪಿಗಟ್ ಜೊತೆ ಸೇರಿ ಬೆಳಕು ಬದಲಾಗುವ ನಕ್ಷತ್ರಗಳನ್ನು ಗಮನಿಸುತ್ತಿದ್ದ. 1782ರ ನವೆಂಬರ್ 12ರ ರಾತ್ರಿ ಅಲ್ಗಾಲ್ ಮಂಕಾಗಿರುವುದು ಅವನ ಕಣ್ಣಿಗೆ ಬಿತ್ತು. ಆಗ ಅವನಿಗೆ 18 ವರ್ಷ. ಮುಂದಿನ ತಿಂಗಳುಗಳಲ್ಲಿ ರಾತ್ರಿಯಿಂದ ರಾತ್ರಿಗೆ ಹೋಲಿಸಿ ಹೋಲಿಸಿ, ಈ ಮಂಕು ಗಡಿಯಾರದಷ್ಟು ಕರಾರುವಾಕ್ಕಾಗಿ ಮರಳಿ ಬರುತ್ತದೆ ಎಂದು ಕಂಡುಕೊಂಡ. 1783ರ ಮೇ ತಿಂಗಳಲ್ಲಿ ಅವನ ಬರಹ ಲಂಡನ್ನಿನ ರಾಯಲ್ ಸೊಸೈಟಿ ಮುಂದೆ ಬಂತು.

ಕಾರಣಕ್ಕೆ ಅವನು ಎರಡು ಸಾಧ್ಯತೆ ಮುಂದಿಟ್ಟ. ಒಂದೋ ಅಲ್ಗಾಲ್ ಸುತ್ತ ಒಂದು ದೊಡ್ಡ ಕಪ್ಪು ಕಾಯ ಸುತ್ತುತ್ತಾ ಆಗಾಗ ಅಡ್ಡ ಬರುತ್ತದೆ. ಇಲ್ಲವೇ ನಕ್ಷತ್ರದ ಒಂದು ಮಗ್ಗುಲಲ್ಲಿ ಕಪ್ಪು ಕಲೆಗಳಿವೆ, ಅದು ತಿರುಗಿದಾಗ ಆ ಮಗ್ಗುಲು ನಮ್ಮ ಕಡೆ ಬರುತ್ತದೆ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವ ಸಾಧನ ಆ ಕಾಲದಲ್ಲಿ ಇರಲಿಲ್ಲ. ಅವನಿಗೆ ಅದೇ ವರ್ಷ ರಾಯಲ್ ಸೊಸೈಟಿಯ ಕೋಪ್ಲಿ ಪದಕ ಸಿಕ್ಕಿತು. 1786ರಲ್ಲಿ, 21ನೇ ವಯಸ್ಸಿಗೇ ತೀರಿಕೊಂಡ.

ಕಾಣದ ಜೊತೆಗಾರನನ್ನು ತೂಗಿದ್ದು

ಉತ್ತರ ಬಂದದ್ದು ನೂರು ವರ್ಷ ಕಳೆದ ಮೇಲೆ. ನಕ್ಷತ್ರದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕೆಂಪಿನಿಂದ ನೇರಳೆವರೆಗೆ ಹರಡಿಕೊಳ್ಳುತ್ತದೆ. ಇದೇ ರೋಹಿತ. ಅದರ ನಡುವೆ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರ ನಮ್ಮತ್ತ ಬರುತ್ತಿದ್ದರೆ ಗೆರೆಗಳು ನೀಲಿ ಕಡೆಗೆ ಸರಿಯುತ್ತವೆ, ದೂರ ಹೋಗುತ್ತಿದ್ದರೆ ಕೆಂಪು ಕಡೆಗೆ. ಸರಿದದ್ದು ಎಷ್ಟು ಎಂದು ಅಳೆದರೆ ವೇಗ ಸಿಗುತ್ತದೆ.

1889ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಹರ್ಮನ್ ಕಾರ್ಲ್ ಫೋಗೆಲ್ ಅಲ್ಗಾಲ್‌ನ ಗೆರೆಗಳನ್ನು ಅಳೆದರು. ಗ್ರಹಣಕ್ಕೆ ಮೊದಲು ನಕ್ಷತ್ರ ನಮ್ಮಿಂದ ದೂರ ಸರಿಯುತ್ತಿತ್ತು, ಗ್ರಹಣ ಮುಗಿದ ಮೇಲೆ ನಮ್ಮತ್ತ ಬರುತ್ತಿತ್ತು. ಕಲೆಗಳ ಊಹೆ ನಿಜವಾಗಿದ್ದರೆ ನಕ್ಷತ್ರ ಹೀಗೆ ಓಲಾಡುವ ಕಾರಣವೇ ಇರಲಿಲ್ಲ. ಮಗು ಕತ್ತಲಲ್ಲಿದ್ದರೂ ದೊಡ್ಡವರ ಓಲಾಟ ಸುಳ್ಳು ಹೇಳಲಿಲ್ಲ. ಗುಡ್ರಿಕ್‌ನ ಮೊದಲ ಊಹೆಯೇ ಸರಿ ಎಂದಾಯಿತು.

ತಂಪು ನಕ್ಷತ್ರದ ಗೆರೆಗಳು ಬಿಸಿಯದರ ಝಗಮಗದಲ್ಲಿ ಮುಳುಗಿಹೋಗಿರುತ್ತವೆ. ಅವು ಸರಿಯಾಗಿ ಸಿಕ್ಕಿದ್ದು 1970ರ ದಶಕದಲ್ಲಿ. ಬಿಸಿ ನಕ್ಷತ್ರ ಸೆಕೆಂಡಿಗೆ 40 ಕಿ.ಮೀ.ಗೂ ಸ್ವಲ್ಪ ಜಾಸ್ತಿ ವೇಗದಲ್ಲಿ ಓಡುತ್ತಿದ್ದರೆ, ತಂಪಿನದು ಸುಮಾರು 200 ಕಿ.ಮೀ. ವೇಗದಲ್ಲಿ ಓಡುತ್ತದೆ. ಎರಡೂ ವೇಗ, ಒಂದು ಸುತ್ತಿನ ಅವಧಿ, ಸುತ್ತುವ ತಟ್ಟೆಯ ವಾಲಿಕೆಯ ಕೋನ ಇವಿಷ್ಟು ಸಿಕ್ಕರೆ ನಡುವಿನ ದೂರ ಬರುತ್ತದೆ. ಆಮೇಲೆ ತೂಕವೂ ಬರುತ್ತದೆ.

ಹೇಗೆ ಎಂದು ಒಮ್ಮೆ ಮಾಡಿಯೇ ನೋಡೋಣ. ಕೆಪ್ಲರ್‌ನ ಮೂರನೇ ನಿಯಮದ ಪ್ರಕಾರ, ನಡುವಿನ ದೂರವನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಅವಧಿಯನ್ನು ಎರಡು ಸಲ ಬರೆದು ಹಾಗೆಯೇ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ದೂರವನ್ನು ಭೂಮಿ ಮತ್ತು ಸೂರ್ಯನ ನಡುವಿನ ದೂರದ ಅಳತೆಯಲ್ಲಿ, ಅವಧಿಯನ್ನು ವರ್ಷದ ಅಳತೆಯಲ್ಲಿ ಹಿಡಿದರೆ, ಸಿಗುವುದು ಎರಡೂ ನಕ್ಷತ್ರಗಳ ಒಟ್ಟು ದ್ರವ್ಯರಾಶಿ, ಸೂರ್ಯನ ಲೆಕ್ಕದಲ್ಲಿ. ಅಲ್ಗಾಲ್‌ಗೆ ದೂರ 0.062. ಮೂರು ಸಲ ಗುಣಿಸಿದರೆ 0.000238. ಅವಧಿ 2.867 ದಿನ, ಅಂದರೆ 0.00785 ವರ್ಷ. ಎರಡು ಸಲ ಗುಣಿಸಿದರೆ 0.0000616. ಭಾಗಿಸಿದಾಗ ಬರುವುದು 3.87. ಎರಡೂ ಸೇರಿ ಸುಮಾರು 3.9 ಸೂರ್ಯರ ತೂಕ. ವೇಗಗಳ ಅನುಪಾತದಲ್ಲಿ ಇದನ್ನು ಹಂಚಿದರೆ ಬಿಸಿ ನಕ್ಷತ್ರಕ್ಕೆ ಸುಮಾರು 3.2, ತಂಪಿನದಕ್ಕೆ ಸುಮಾರು 0.7.

90 ಜ್ಯೋತಿರ್ವರ್ಷ ದೂರದ ನಕ್ಷತ್ರಗಳನ್ನು ಹೀಗೆ ಕಾಗದದ ಮೇಲೆ ತೂಗಬಹುದು. ನಕ್ಷತ್ರಗಳ ತೂಕದ ಬಗ್ಗೆ ನಮಗೆ ನಂಬಿಕೆಯಿಂದ ಏನಾದರೂ ಗೊತ್ತಿದೆ ಎಂದರೆ ಅದಕ್ಕೆ ಮುಖ್ಯ ಕಾರಣ ಜೋಡಿಗಳೇ. ಒಂಟಿ ನಕ್ಷತ್ರವನ್ನು ಹೀಗೆ ನೇರವಾಗಿ ತೂಗಲು ಬರುವುದಿಲ್ಲ. ಇನ್ನೊಂದು ಮಜಾ ಏನೆಂದರೆ, ಇಬ್ಬರೂ ಸುತ್ತುವ ಆ ನಡುವಿನ ಬಿಂದು ಬಿಸಿ ನಕ್ಷತ್ರದ ಹೊಟ್ಟೆಯೊಳಗೇ ಬೀಳುತ್ತದೆ, ಮೇಲ್ಮೈಯಿಂದ ಸ್ವಲ್ಪ ಕೆಳಗೆ.

ಹಗುರದ್ದೇ ಮೊದಲು ಮುಪ್ಪಾದದ್ದು ಹೇಗೆ?

ಈಗ ಒಂದು ತೊಡಕು. ತಂಪು ನಕ್ಷತ್ರ ಊದಿಕೊಂಡಿದೆ. ನಕ್ಷತ್ರ ಹೀಗೆ ಊದುವುದು ನಡುಗರ್ಭದ ಹೈಡ್ರೋಜನ್ ತೀರಿದ ಮೇಲೆ, ಅಂದರೆ ವಯಸ್ಸಾದ ಮೇಲೆ. ಬಿಸಿ ನಕ್ಷತ್ರ ಇನ್ನೂ ತನ್ನ ಹೈಡ್ರೋಜನ್ ಸುಡುತ್ತಾ ಆರಾಮಾಗಿದೆ.

ಆದರೆ ನಿಯಮ ಇದಕ್ಕೆ ತಿರುಗುಮುರುಗು. ಭಾರ ಜಾಸ್ತಿ ಇರುವ ನಕ್ಷತ್ರ ಇಂಧನವನ್ನು ದುಂದು ಮಾಡಿ ಬೇಗ ಮುಪ್ಪಾಗುತ್ತದೆ. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ ವರ್ಷ. ಸೂರ್ಯನ ಮೂರು ಪಟ್ಟು ತೂಕದ ನಕ್ಷತ್ರಕ್ಕೆ ಕೆಲವೇ ಹತ್ತು ಕೋಟಿ ವರ್ಷ. 0.7 ಸೂರ್ಯನಷ್ಟು ತೂಕದ್ದು ಮುಪ್ಪಾಗಬೇಕಾದರೆ ವಿಶ್ವದ ಈಗಿನ ವಯಸ್ಸೂ, ಅಂದರೆ 1,380 ಕೋಟಿ ವರ್ಷವೂ ಸಾಲದು. ಎರಡೂ ಒಟ್ಟಿಗೇ ಹುಟ್ಟಿದವು. ಹಾಗಿದ್ದ ಮೇಲೆ ಹಗುರದ್ದು ಮೊದಲು ಮುಪ್ಪಾದದ್ದು ಹೇಗೆ? ಖಗೋಳ ವಿಜ್ಞಾನಿಗಳು ಇದನ್ನು ಅಲ್ಗಾಲ್ ವಿರೋಧಾಭಾಸ ಎಂದೇ ಕರೆದರು.

1955ರಲ್ಲಿ ಜೆ. ಎ. ಕ್ರಾಫರ್ಡ್ ಸೂಚಿಸಿದ ಉತ್ತರ ಸರಳ: ಈಗ ಹಗುರವಾಗಿರುವುದು ಮೊದಲು ಹಗುರವಾಗಿರಲಿಲ್ಲ. ಹುಟ್ಟಿದಾಗ ಅದೇ ಭಾರದ್ದು. ಹಾಗಾಗಿ ಅದೇ ಮೊದಲು ಮುಪ್ಪಾಗಿ ಊದಿತು.

ಜೋಡಿಯಲ್ಲಿ ಊದುವುದಕ್ಕೆ ಒಂದು ಮಿತಿ ಇದೆ. ಪ್ರತಿ ನಕ್ಷತ್ರದ ಸುತ್ತ ಅದರ ಗುರುತ್ವದ ಹಿಡಿತ ನಡೆಯುವ ಒಂದು ವಲಯ ಇರುತ್ತದೆ. ಎರಡು ವಲಯಗಳು ನಡುವೆ ಒಂದು ಬಿಂದುವಿನಲ್ಲಿ ಸೇರುತ್ತವೆ. 19ನೇ ಶತಮಾನದ ಫ್ರೆಂಚ್ ಗಣಿತಜ್ಞ ಎದುಆರ್ ರೋಶ್ ಹೆಸರಿನಲ್ಲಿ ಇದನ್ನು ರೋಶ್ ವಲಯ ಎನ್ನುತ್ತಾರೆ. ನಕ್ಷತ್ರ ಊದಿ ಊದಿ ತನ್ನ ವಲಯ ತುಂಬಿದ ಮೇಲೆ ಹೊರಗಿನ ಅನಿಲ ಅದರ ಕೈಯಲ್ಲಿ ನಿಲ್ಲುವುದಿಲ್ಲ. ಆ ಬಿಂದುವಿನ ಮೂಲಕ ಪಕ್ಕದ ನಕ್ಷತ್ರಕ್ಕೆ ಹರಿಯುತ್ತದೆ. ಹೀಗೆ ಭಾರದ್ದು ಕರಗಿತು, ಹಗುರದ್ದು ಕೊಬ್ಬಿತು, ಪಾತ್ರ ಅದಲುಬದಲಾಯಿತು. 1960ರ ದಶಕದಲ್ಲಿ ಕಂಪ್ಯೂಟರಿನಲ್ಲಿ ನಕ್ಷತ್ರಗಳ ಬಾಳನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಿದಾಗ ಇದೇ ಬಂತು. ತಂಪು ನಕ್ಷತ್ರ ಇವತ್ತಿಗೂ ತನ್ನ ವಲಯವನ್ನು ತುಂಬಿಕೊಂಡೇ ಇದೆ, ಆಕಾರವೂ ಪೂರ್ತಿ ದುಂಡಗಿಲ್ಲ.

ಸುದ್ದಿಯಲ್ಲಿದ್ದ ಟಿ ಕರೋನೆ ಬೊರಿಯಾಲಿಸ್‌ನಲ್ಲೂ ಹೀಗೆಯೇ ಅನಿಲ ಹರಿಯುತ್ತದೆ. ಆದರೆ ಅಲ್ಲಿ ಪಡೆದುಕೊಳ್ಳುವುದು ಶ್ವೇತಕುಬ್ಜ, ಅಂದರೆ ಸತ್ತ ನಕ್ಷತ್ರದ ಒತ್ತೊತ್ತಾದ ತಿರುಳು. ಮೇಲೆ ಬಿದ್ದ ಹೈಡ್ರೋಜನ್ ಅಲ್ಲಿ ಪದರ ಕಟ್ಟಿ, ಒತ್ತಡ ಮಿತಿ ಮೀರಿದಾಗ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಅಲ್ಗಾಲ್‌ನಲ್ಲಿ ಪಡೆದುಕೊಳ್ಳುವುದು ಮಾಮೂಲಿ ನಕ್ಷತ್ರ. ಅಂಥ ಸ್ಫೋಟದ ಸಂಭವ ಈಗ ಇಲ್ಲ.

ಅಂದಹಾಗೆ, ಅಲ್ಗಾಲ್‌ನಲ್ಲಿ ಮೂರನೆಯದೂ ಒಂದಿದೆ. ಸೂರ್ಯನ 1.8 ಪಟ್ಟು ತೂಕದ ಅದು ದೂರ ನಿಂತು, ಸುಮಾರು 680 ದಿನಕ್ಕೊಮ್ಮೆ ಈ ಜೋಡಿಯನ್ನು ಸುತ್ತುತ್ತದೆ. ಗ್ರಹಣದಲ್ಲಿ ಅದರ ಪಾತ್ರ ಇಲ್ಲ. ಮೂರನ್ನೂ ಬಿಡಿಬಿಡಿಯಾಗಿ ಚಿತ್ರ ತೆಗೆಯಲು ಒಂದು ದೂರದರ್ಶಕ ಸಾಲದೆ, ಅಮೆರಿಕದ ಮೌಂಟ್ ವಿಲ್ಸನ್‌ನ ಚಾರಾ ಎಂಬಲ್ಲಿ ಹಲವು ದೂರದರ್ಶಕಗಳ ಬೆಳಕನ್ನು ಒಟ್ಟುಗೂಡಿಸಿ ನೋಡಬೇಕಾಯಿತು.

ನೀವೇ ನೋಡಬೇಕೆಂದರೆ

ಭೂಮಿಯ ಉತ್ತರಾರ್ಧದಲ್ಲಿ ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಸಂಜೆಯ ಹೊತ್ತಿಗೆ ಅಲ್ಗಾಲ್ ಚೆನ್ನಾಗಿ ಸಿಗುತ್ತದೆ. ದಕ್ಷಿಣಕ್ಕೆ ಹೋದಷ್ಟೂ ಅದು ಉತ್ತರ ದಿಗಂತದತ್ತ ತಗ್ಗುತ್ತದೆ. ಮೊದಲು ಡಬ್ಲ್ಯೂ ಅಕ್ಷರದಂತಿರುವ ಕ್ಯಾಸಿಯೋಪಿಯಾ ಹುಡುಕಿ. ಅಲ್ಲಿಂದ ಕೃತ್ತಿಕೆಯ ಕಡೆಗೆ ಬಂದರೆ ನಡುವೆ ಸಿಗುವ ಪ್ರಕಾಶದ ನಕ್ಷತ್ರ ಮಿರ್ಫಾಕ್. ಕೈ ಚಾಚಿ ಮುಷ್ಟಿ ಹಿಡಿದರೆ ಆಗುವ ಅಗಲ ಸುಮಾರು 10 ಡಿಗ್ರಿ. ಮಿರ್ಫಾಕ್‌ನಿಂದ ಒಂದು ಮುಷ್ಟಿ, ಕೃತ್ತಿಕೆಯಿಂದ ಎರಡು ಮುಷ್ಟಿ ದೂರದಲ್ಲಿ ಅಲ್ಗಾಲ್ ಇದೆ. ಆಂಡ್ರೊಮಿಡಾದ ಅಲ್ಮಾಕ್, ಮಿರ್ಫಾಕ್ ಮತ್ತು ಅಲ್ಗಾಲ್ ಸೇರಿ ಒಂದು ತ್ರಿಕೋನ ಆಗುತ್ತದೆ.

ಹೋಲಿಕೆ ಸುಲಭ. ಮಾಮೂಲಿ ದಿನ ಅಲ್ಗಾಲ್ ಹೆಚ್ಚುಕಡಿಮೆ ಅಲ್ಮಾಕ್‌ನಷ್ಟೇ ಬೆಳಗುತ್ತದೆ. ಗ್ರಹಣದ ತಳದಲ್ಲಿ ಅದು ಪಕ್ಕದ ತ್ರಿಕೋನ ಪುಂಜದ ಆಲ್ಫಾ ನಕ್ಷತ್ರದ ಮಟ್ಟಕ್ಕೆ ಇಳಿಯುತ್ತದೆ, ಅದರ ಕಾಂತಿಮಾನವೂ 3.4. ಹತ್ತಿರದಲ್ಲೇ ಇರುವ ರೋ ಪರ್ಸಿಯೈ ಜೊತೆ ಮಾತ್ರ ಹೋಲಿಸಲು ಹೋಗಬೇಡಿ, ಅದರ ಬೆಳಕೂ ಏರಿಳಿಯುತ್ತದೆ.

ಸಮಯದ ಲೆಕ್ಕ ಹೀಗೆ. ಅವಧಿ ಮೂರು ದಿನಕ್ಕೆ 3 ಗಂಟೆ 11 ನಿಮಿಷ ಕಮ್ಮಿ. ಒಂದು ಗ್ರಹಣದ ತಳ ತಿಂಗಳ 10ನೇ ತಾರೀಖು ನಸುಕಿನ 2 ಗಂಟೆಗೆ ಬಂದರೆ, ಮುಂದಿನದು 12ರ ರಾತ್ರಿ 10:49ಕ್ಕೆ, ಅದರ ಮುಂದಿನದು 15ರ ಸಂಜೆ 7:38ಕ್ಕೆ. ಆಮೇಲಿನದು ಹಗಲಿಗೆ ಬಿದ್ದು ಕೈತಪ್ಪುತ್ತದೆ. ಏಳು ಸುತ್ತು ಮುಗಿಯಲು 20 ದಿನ 1 ಗಂಟೆ 43 ನಿಮಿಷ ಬೇಕು. ಹಾಗಾಗಿ ಒಳ್ಳೆಯ ರಾತ್ರಿಗಳು ಎರಡು ಮೂರು ಒಟ್ಟಿಗೆ ಬರುತ್ತವೆ, ಸುಮಾರು 20 ದಿನ ಬಿಟ್ಟು ಮತ್ತೆ ಬರುತ್ತವೆ. ಆ ತಿಂಗಳ ಸಮಯಗಳು ಖಗೋಳ ಪತ್ರಿಕೆಗಳಲ್ಲಿ ಸಿಗುತ್ತವೆ. ಒಂದೇ ಸಲ ನೋಡಿದರೆ ಏನೂ ಅನಿಸುವುದಿಲ್ಲ. ತಳಕ್ಕೆ ಮೂರು ಗಂಟೆ ಮೊದಲೊಮ್ಮೆ, ತಳದಲ್ಲೊಮ್ಮೆ, ಮೂರು ಗಂಟೆ ಆದ ಮೇಲೊಮ್ಮೆ ಅಲ್ಮಾಕ್ ಜೊತೆ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಅಲ್ಗಾಲ್ ಸಂಜೆ ಸಿಗದ ತಿಂಗಳುಗಳಲ್ಲಿ ಅಭಿಜಿತ್ ನಕ್ಷತ್ರದ ಹತ್ತಿರ ಬೀಟಾ ಲೈರೆ ಹುಡುಕಬಹುದು. ಅದರ ಏರಿಳಿತ ಪತ್ತೆ ಮಾಡಿದವನೂ ಗುಡ್ರಿಕ್ಕೇ, 1784ರಲ್ಲಿ. ಅಲ್ಲಿ ಎರಡು ನಕ್ಷತ್ರಗಳು ತೀರಾ ಹತ್ತಿರ ಇದ್ದು ಮೊಟ್ಟೆಯಂತೆ ಎಳೆದುಕೊಂಡಿವೆ, ಹಾಗಾಗಿ ಬೆಳಕು ಒಂದು ಗಳಿಗೆಯೂ ಸ್ಥಿರವಾಗಿರುವುದಿಲ್ಲ. ಅವಧಿ ಸುಮಾರು 13 ದಿನ. ಪಕ್ಕದಲ್ಲೇ ಗಾಮಾ ಲೈರೆ ಇದೆ. ಬೀಟಾ ಪೂರ್ತಿ ಬೆಳಗುವಾಗ ಎರಡೂ ಹೆಚ್ಚುಕಡಿಮೆ ಸಮ, ತಳದಲ್ಲಿದ್ದಾಗ ಬೀಟಾ ಸುಮಾರು ಒಂದು ಕಾಂತಿಮಾನ ಹಿಂದೆ ಬೀಳುತ್ತದೆ.